ಜನವರಿಗೆ ಕೆನಡಾದ ವಿನ್ನಿಪೆಗ್‌ಗೆ ಬರುವ ಅಶ್ವಿನಿಗೆ

ಅಶ್ವಿನಿ,

ಚಳಿಗೆ ಅಂತ ಬೆಂಗಳೂರಿನಲ್ಲಿ ಕೋಟು ಕೊಳ್ಳಬೇಡ, ದುಡ್ಡು ದಂಡ. ಏರ್‌ಪೋರ್ಟಿಗೆ ನನ್ನದೇ ಒಂದು ತರುತ್ತೇನೆ. ಬಾಡಿಗೆ ವಿಷಯ ನಿನ್ನ ಜೊತೆ ಓದುವವರನ್ನು ಕೇಳು, ನನ್ನ ಲೆಕ್ಕ ಹಳೇದು. ಸಾರಿನ ಪುಡಿ ಮಾತ್ರ ಮನೆಯದ್ದೇ ತಾ.

ಕೊನೆಯಲ್ಲಿ ಕೇಳಿದೆಯಲ್ಲ, "ಅಕ್ಕ, ಡೌನ್‌ಟೌನ್ ಕಡೆ ನೇಟಿವ್ ಜನ ಜಾಸ್ತಿ, ಹುಷಾರು ಅಂತಾರೆ, ನಿಜಾನಾ?" ಅಂತ. ನೇಟಿವ್ ಅಂದರೆ ಇಲ್ಲಿನ ಮೂಲನಿವಾಸಿಗಳು. ನಾನು 2013ರ ಜನವರಿಯಲ್ಲಿ ಬಂದಿಳಿದ ವಾರವೇ ನಮ್ಮವರು ನನಗೂ ಇದನ್ನೇ ಹೇಳಿದ್ದರು. ಊರಲ್ಲಿ "ಆ ಕೇರಿ ಕಡೆ ಹೋಗ್ಬೇಡ" ಅಂತಾರಲ್ಲ, ಅದೇ ದನಿ. ನಿನಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ಸಂಜೆ ಪೋರ್ಟೇಜ್ ಅವೆನ್ಯೂದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮೈನಸ್ 30. ಹದಿನಾರು ಹದಿನೇಳರ ಮೂಲನಿವಾಸಿ ಹುಡುಗಿ, ತೆಳು ಜಾಕೆಟ್. ಗ್ಲೌಸ್ ಇಲ್ಲದೆ ಜಾಕೆಟ್ಟಿನ ತೋಳನ್ನೇ ಬೆರಳ ಮೇಲೆ ಎಳೆದುಕೊಂಡಿದ್ದಳು. ಒಂದು ಕಾಲ್ ಮಾಡಿಕೊಳ್ಳಲಾ ಅಂದಳು. ಚಾರ್ಜ್ ಇಲ್ಲ ಅಂದೆ. ಫೋನಿನ ಬೆಳಕು ನನ್ನ ಮುಖದ ಮೇಲೇ ಬೀಳುತ್ತಿತ್ತು. ಸಾರಿ ಅಂದು ನಡೆದುಹೋದಳು.

ಮುಂದಿನ ವರ್ಷ ಆಗಸ್ಟಿನಲ್ಲಿ ಟೀನಾ ಫಾಂಟೇನ್ ಎಂಬ ಮೂಲನಿವಾಸಿ ಹುಡುಗಿಯ ಹೆಣ ಇಲ್ಲಿನ ರೆಡ್ ನದಿಯಲ್ಲಿ ಸಿಕ್ಕಿತು. 15 ವರ್ಷ. ಬಸ್ ಸ್ಟಾಪಿನವಳು ಅವಳಲ್ಲ, ಗೊತ್ತು. ಆದರೂ ಟಿವಿಯಲ್ಲಿ ಫೋಟೋ ನೋಡಿ ಎದೆ ಧಸಕ್ಕೆಂದಿತು. ಆಮೇಲೆ ಓದತೊಡಗಿದೆ. 1980ರಿಂದ 2012ರವರೆಗೆ ಕೊಲೆಯಾದ, ಕಾಣೆಯಾದ ಮೂಲನಿವಾಸಿ ಹೆಂಗಸರು 1,181 ಮಂದಿ. ಇದು ಕೆನಡಾ ಪೊಲೀಸರದೇ ಲೆಕ್ಕ. ದೇಶದ ಹೆಂಗಸರಲ್ಲಿ ಅವರು ನೂರಕ್ಕೆ 4, ಕೊಲೆಯಾದ ಹೆಂಗಸರಲ್ಲಿ ನೂರಕ್ಕೆ 16. 2019ರಲ್ಲಿ ರಾಷ್ಟ್ರೀಯ ತನಿಖೆಯ ವರದಿ ಇದನ್ನು ಜನಾಂಗಹತ್ಯೆ ಎಂದೇ ಕರೆಯಿತು. ಅವರನ್ನು ಕಂಡರೆ ಹುಷಾರು ಅಂತ ನಮಗೆ ಹೇಳಿಕೊಡುತ್ತಾರೆ. ಅವರ ಹುಡುಗಿಯರು ಯಾರನ್ನು ಕಂಡರೆ ಹುಷಾರಾಗಿರಬೇಕು ಅಂತ ನಮ್ಮ ಪಾಟ್‌ಲಕ್‌ನಲ್ಲಿ ಯಾರೂ ಕೇಳಿದ್ದಿಲ್ಲ, ನಾನೂ ಕೇಳಿರಲಿಲ್ಲ.

ರಾತ್ರಿ ಒಂಟಿ ಓಡಾಟಕ್ಕೆ ಎಚ್ಚರ ಎಲ್ಲ ಊರಲ್ಲೂ ಬೇಕು, ಅದು ಬೇರೆ ಮಾತು.

ಮೇ 5ಕ್ಕೆ ನೋಡು, ಆ ಹೆಂಗಸರ ನೆನಪಿಗೆ ಇಲ್ಲಿ ಮರಗಳಿಗೆ ಕೆಂಪು ಬಟ್ಟೆ ತೂಗುಹಾಕುತ್ತಾರೆ, ಒಳಗೆ ಯಾರೂ ಇಲ್ಲದ ಬಟ್ಟೆ. ಜೇಮಿ ಬ್ಲ್ಯಾಕ್ ಎಂಬ ಕಲಾವಿದೆ ಶುರು ಮಾಡಿದ್ದು. ಹೋದ ಸಲ ಒಂದು ಪುಟ್ಟ ಫ್ರಾಕ್ ಇತ್ತು. ಅಂಚಿನ ಮಡಿಕೆ ಬಿಚ್ಚಿ ಉದ್ದ ಮಾಡಿದ ಗುರುತು ಹಾಗೇ ಇತ್ತು, ಬೆಳೆಯೋ ಮಕ್ಕಳಿಗೆ ಅಮ್ಮಂದಿರು ಮಾಡುತ್ತಾರಲ್ಲ, ಹಾಗೆ.

ಫ್ಲೈಟ್ ಎಷ್ಟು ಗಂಟೆಗೆ ಅಂತ ತಿಳಿಸು. ಗ್ಲೌಸ್ ಕೂಡ ತರಬೇಡ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಜೊತೆ ಜಾಸ್ತಿ ಇರುತ್ತದೆ.