ಕನ್ನಡ ಕೂಟದಲ್ಲಿ ಸೈಲೆಂಟ್ ಆಕ್ಷನ್: ಹಾಳೆ, ಪೆನ್ನು ಮತ್ತು ಟ್ಯಾಕ್ಸ್ ಲೆಕ್ಕ

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಕನ್ನಡ ಕೂಟದ ರಾಜ್ಯೋತ್ಸವದ ದಿನ ಸೈಲೆಂಟ್ ಆಕ್ಷನ್ (ಸದ್ದಿಲ್ಲದ ಹರಾಜು) ಮಾಡಿ, ಬಂದ ದುಡ್ಡನ್ನು ಹಾವೇರಿ ಕಡೆಯ ಟ್ರಸ್ಟ್ ಶಾಲೆಯೊಂದಕ್ಕೆ ಕಳಿಸಬೇಕು ಅಂತಿದ್ದೇವೆ. ಹೇಗೆ ನಡೆಸಬೇಕು? ಗೆದ್ದವರು ಕೊಟ್ಟ ದುಡ್ಡಿಗೆಲ್ಲ ಟ್ಯಾಕ್ಸ್ ವಿನಾಯಿತಿ ಸಿಗುತ್ತಾ?

ಉತ್ತರ: ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟದ ಹರಾಜು ಕೂಗುತ್ತಾರಲ್ಲ, ಇದೂ ಹರಾಜೇ, ಕೂಗಾಟ ಮಾತ್ರ ಇಲ್ಲ. ಮೇಜಿನ ಮೇಲೆ ವಸ್ತು, ಪಕ್ಕದಲ್ಲಿ ಹಾಳೆ, ಪೆನ್ನು. ಬೇಕಾದವರು ಬಾಗಿಲಲ್ಲಿ ಕೊಟ್ಟ ತಮ್ಮ ನಂಬರ್ ಮತ್ತು ಮೊತ್ತ ಬರೆದು ಕಾಫಿಗೆ ಹೋಗುತ್ತಾರೆ, ವಾಪಸ್ ಬಂದು ನೋಡಿದರೆ ಯಾರೋ ಅದರ ಕೆಳಗೇ 5 ಡಾಲರ್ ಜಾಸ್ತಿ ಬರೆದಿರುತ್ತಾರೆ, ಇವರಿಗೆ ತಡೆಯಲಾಗುವುದಿಲ್ಲ, ಮತ್ತೆ ಪೆನ್ನು ಹಿಡಿಯುತ್ತಾರೆ. ದುಡ್ಡು ಹುಟ್ಟುವುದೇ ಅಲ್ಲಿ.

ಅದಕ್ಕೇ ಶುರುವಿನ ಬೆಲೆ ಕಡಿಮೆ ಇರಲಿ. 120 ಡಾಲರ್ ಬಾಳುವ ಇಳಕಲ್ ಸೀರೆಯಾದರೆ 50ರಿಂದ ಶುರು ಮಾಡಿ, ಪ್ರತಿ ಸಲ ಕನಿಷ್ಠ 5 ಏರಿಸಬೇಕು ಅಂತ ಹಾಳೆಯ ಮೇಲೇ ಬರೆಯಿರಿ. ಮಾರುಕಟ್ಟೆ ಬೆಲೆಯನ್ನೂ ಬರೆಯಿರಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ವಸ್ತು ಸಿಕ್ಕಾಪಟ್ಟೆ ಇಡಬೇಡಿ. ಬರುವ ಇಬ್ಬರಿಗೆ ಒಂದು ಅನ್ನುವ ರೂಢಿಯಿದೆ, ನನ್ನ ಕೇಳಿದರೆ ಅದೂ ಜಾಸ್ತಿ. ಒಂದೇ ವಸ್ತುವಿಗೆ ನಾಲ್ಕು ಜನ ಗುದ್ದಾಡಬೇಕು. ಅಂಗಡಿ ಸಾಮಾನಿಗೆ ಜನ ಮೊಬೈಲಿನಲ್ಲಿ ರೇಟ್ ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಹೋಳಿಗೆಗೆ ಹೆಸರಾದ ನಿಮ್ಮ ಕೂಟದ ಅತ್ತಿಗೆಯೊಬ್ಬರು ಎಂಟು ಜನಕ್ಕೆ ಮನೆಯಲ್ಲೇ ಬಾಳೆಲೆ ಊಟ ಬಡಿಸುತ್ತೇನೆ ಅಂದರೆ, ಅದಕ್ಕೆಲ್ಲಿಯ ರೇಟು? (ಅವರ ಶ್ರಮದ ಬೆಲೆಗೆ ಮಾತ್ರ ಟ್ಯಾಕ್ಸ್ ವಿನಾಯಿತಿ ಇಲ್ಲ, ಮೊದಲೇ ಹೇಳಿಬಿಡಿ.)

ಮುಖ್ಯ ಕಾರ್ಯಕ್ರಮ ಶುರುವಾಗುವ ಮೊದಲೇ ಹರಾಜು ಮುಗಿಸಿ. ಹತ್ತು ನಿಮಿಷ ಮುಂಚೆ ಮೈಕಿನಲ್ಲಿ ಹೇಳಿ, ಸಮಯಕ್ಕೆ ಸರಿಯಾಗಿ ಹಾಳೆ ಎತ್ತಿಕೊಳ್ಳಿ. ಕೊನೆಗೆ ಇಟ್ಟುಕೊಂಡರೆ ಗೆದ್ದವರು ಮಕ್ಕಳನ್ನು ಎತ್ತಿಕೊಂಡು ಮನೆ ಸೇರಿರುತ್ತಾರೆ.

ಇನ್ನು ಟ್ಯಾಕ್ಸ್. ನಿಮ್ಮ ಕೂಟ 501(ಸಿ)(3), ಅಂದರೆ ದಾನ ಕೊಟ್ಟವರಿಗೆ ಅಮೆರಿಕದಲ್ಲಿ ಟ್ಯಾಕ್ಸ್ ವಿನಾಯಿತಿ ಸಿಗುವಂಥ ಸಂಸ್ಥೆ, ಆಗಿದ್ದರೂ ಕೊಟ್ಟಿದ್ದಕ್ಕೆಲ್ಲ ವಿನಾಯಿತಿ ಇಲ್ಲ. ಆ ಸೀರೆಗೆ 150 ಕೊಟ್ಟರೆ ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಕೊಟ್ಟ 30 ಡಾಲರ್ ಮಾತ್ರ ದಾನ. 100ಕ್ಕೆ ಸಿಕ್ಕಿದರೆ ಅದು ಸುಮ್ನೆ ಒಳ್ಳೆ ವ್ಯಾಪಾರ, ಅಷ್ಟೇ. ಜಾಸ್ತಿ ಕೊಡುತ್ತಿದ್ದೇನೆ ಅಂತ ಗೊತ್ತಿದ್ದೇ ಕೊಟ್ಟಿರಬೇಕು, ಹಾಳೆಯ ಮೇಲೆ ಬೆಲೆ ಬೇಕಾಗುವುದು ಇದಕ್ಕೇ. ಹೀಗೆ ವಸ್ತುವಿನ ಬೆಲೆ, ದಾನ ಎರಡೂ ಸೇರಿ ಗೆದ್ದವರು ಕೊಟ್ಟ ಮೊತ್ತ 75 ಡಾಲರ್ ದಾಟಿದರೆ, ವಸ್ತುವಿನ ಅಂದಾಜು ಬೆಲೆಯನ್ನು ಕೂಟವೇ ಬರವಣಿಗೆಯಲ್ಲಿ ಕೊಡಬೇಕು.

ಇಷ್ಟಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ನೀವೆಲ್ಲ ಕನ್ನಡಿಗರೇ ಆದರೂ ಭಾರತದ ಕಾನೂನಿನ ಕಣ್ಣಿಗೆ ನಿಮ್ಮ ಕೂಟ ವಿದೇಶಿ ಸಂಸ್ಥೆ. ಆ ಟ್ರಸ್ಟ್‌ಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಗೃಹ ಸಚಿವಾಲಯದ ಪೂರ್ವಾನುಮತಿ ಇರಲೇಬೇಕು. ದುಡ್ಡು ಮೊದಲು ಬೀಳಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಅವರು ತೆರೆದ ಎಫ್‌ಸಿಆರ್‌ಎ ಖಾತೆಗೆ. ನೋಂದಣಿ ಇರುವ ಬೇರೆ ಸಂಸ್ಥೆಗೆ ಹಾಕಿ ಅಲ್ಲಿಂದ ಶಾಲೆಗೆ ದಾಟಿಸೋಣ ಅಂದರೆ, 2020ರ ತಿದ್ದುಪಡಿ ಬಂದ ಮೇಲೆ ಅದಕ್ಕೂ ದಾರಿಯಿಲ್ಲ. ಹಾಗಾಗಿ ಶಾಲೆಯ ಹೆಸರು ಹಾಕಿ ಕರಪತ್ರ ಹಂಚುವ ಮೊದಲು ಟ್ರಸ್ಟಿನವರಿಂದ ನೋಂದಣಿ ಪತ್ರದ ಪ್ರತಿ ತರಿಸಿಕೊಂಡು, ಅವಧಿ ಮುಗಿದಿಲ್ಲ ತಾನೇ ಅಂತ ನೋಡಿಕೊಳ್ಳಿ.