ತಲೆ ಆಪರೇಶನ್ ಆದಮೇಲೆ ನಮ್ಮನೆಯವರು ಬೇರೆಯೇ ಆಗಿದ್ದಾರೆ

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ ನಮ್ಮದು. ನಮ್ಮನೆಯವರಿಗೆ 47 ವರ್ಷ. ಫಿಟ್ಸ್ ಬಂತೆಂದು ಸ್ಕ್ಯಾನ್ ಮಾಡಿಸಿದಾಗ ಮಿದುಳಿನ ಮುಂಭಾಗದಲ್ಲಿ ಮೆನಿಂಜಿಯೋಮಾ ಗಡ್ಡೆ ಕಂಡಿತು. ಮಣಿಪಾಲದಲ್ಲಿ ಆಪರೇಶನ್ ಆಗಿ, 9 ದಿನ ಅಲ್ಲಿದ್ದು ಮನೆಗೆ ಬಂದು ಈಗ 18 ದಿನ. ಗಡ್ಡೆ ಪೂರ್ತಿ ಹೋಗಿದೆ, ಕ್ಯಾನ್ಸರ್ ಅಲ್ಲ ಎಂದಿದ್ದಾರೆ. ಆದರೆ ಎಂದೂ ದನಿ ಎತ್ತದವರು ಈಗ ಸಣ್ಣದಕ್ಕೂ ಕೂಗುತ್ತಾರೆ, ರಾತ್ರಿ ನಿದ್ದೆಯಿಲ್ಲ. ಮೊನ್ನೆ ಮಗಳತ್ತ ಲೋಟ ಎಸೆದು, ಆಮೇಲೆ ತಾವೇ ಅತ್ತರು. ಬೈಕ್ ಕೀಲಿಗಾಗಿ ದಿನವೂ ಜಗಳ. "ಮಾತ್ರೆಯಿಂದಲೇ ಹೀಗಾಗಿದೆ, ನಿಲ್ಲಿಸು, ತಲೆಗೆ ಎಣ್ಣೆ ಹಾಕಿ ಮೀಯಿಸುತ್ತೇನೆ" ಎನ್ನುತ್ತಾರೆ ಅತ್ತೆ. ನಾನು ಶಿಕ್ಷಕಿ, ಸೋಮವಾರ ರಜೆ ಮುಗಿಯುತ್ತದೆ. ಅತ್ತೆಯೊಬ್ಬರ ಮೇಲೆ ಬಿಟ್ಟು ಹೋಗಲೇ? ಇವರು ಇನ್ನು ಹೀಗೆಯೇ ಇರುತ್ತಾರೆಯೇ?

ಉತ್ತರ: ನಿಮ್ಮ ಅತ್ತೆಯ ಊಹೆ ಅರ್ಧ ಸರಿ. ಸಿಟ್ಟಿಗೆ ಮಾತ್ರೆಯೂ ಕಾರಣವಿರಬಹುದು. ಆದರೆ ಅವರು ಹೇಳುವ ಉಪಾಯ ಜೀವಕ್ಕೇ ಕುತ್ತು.

ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಹೆಸರು ಹುಡುಕಿ. ಮೊದಲನೆಯದು ಡೆಕ್ಸಾಮೆಥಾಸೋನ್, ಮಿದುಳಿನ ಬಾವು ಇಳಿಸುವ ಸ್ಟೀರಾಯ್ಡ್. ಇದು ನಿದ್ದೆ ಕೆಡಿಸುತ್ತದೆ, ಸಿಟ್ಟು ಅಳು ಎರಡನ್ನೂ ತರುತ್ತದೆ, ಸಕ್ಕರೆ ಏರಿಸುತ್ತದೆ. ಕೆಲವು ವಾರ ತೆಗೆದುಕೊಂಡಾಗ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಆಗ ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಬೀಳಬಹುದು. ಅದಕ್ಕೇ ಚೀಟಿಯಲ್ಲಿ ಇಷ್ಟಿಷ್ಟು ದಿನಕ್ಕೆ ಇಷ್ಟಿಷ್ಟು ಎಂದು ಇಳಿಸಿ ಬರೆದಿರುತ್ತಾರೆ. ಸಂಜೆಯ ಡೋಸ್ ಇದ್ದರೆ ಅದನ್ನು ಮಧ್ಯಾಹ್ನಕ್ಕೆ ತರಬಹುದೇ ಎಂದು ವೈದ್ಯರನ್ನು ಕೇಳಿ. ಅಷ್ಟರಿಂದಲೇ ಹಲವರಿಗೆ ನಿದ್ದೆ ಬರುತ್ತದೆ.

ಎರಡನೆಯದು ಲೆವೆಟಿರಾಸೆಟಮ್, ಫಿಟ್ಸ್ ತಡೆಯುವ ಮಾತ್ರೆ. ಒಳ್ಳೆಯ ಔಷಧಿ, ಆದರೆ ಕೆಲವರಲ್ಲಿ ಸಿಡಿಮಿಡಿ ತರುವುದು ಇದರ ಗೊತ್ತಿರುವ ಗುಣ. ವೈದ್ಯರು ಡೋಸ್ ಇಳಿಸಬಹುದು, ಬೇರೆ ಮಾತ್ರೆಗೆ ಮೆಲ್ಲಗೆ ಬದಲಿಸಬಹುದು. ನೀವೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು, ನಿದ್ದೆಗೆಟ್ಟವರಲ್ಲಿ ಇನ್ನೂ ಬೇಗ. ಎರಡು ಹೊತ್ತಿನ ಡೋಸ್ ನಡುವೆ 12 ತಾಸು ಇರಲಿ: ಬೆಳಿಗ್ಗೆ 8, ರಾತ್ರಿ 8.

ಮೂರನೆಯ ಕಾರಣ ಗಡ್ಡೆ ಇದ್ದ ಜಾಗವೇ. ಮಾತಿಗೆ, ಸಿಟ್ಟಿಗೆ ಕಡಿವಾಣ ಹಾಕುವುದು ಮಿದುಳಿನ ಮುಂಭಾಗ. ಅಲ್ಲಿಯ ಬಾವು ಆರಲು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಬಹಳ ಮಂದಿ ಸುಧಾರಿಸುತ್ತಾರೆ, ಕೆಲವರಲ್ಲಿ ಒಂದಿಷ್ಟು ಉಳಿಯುತ್ತದೆ. ನಿಮ್ಮವರಿಗೆ ಪಶ್ಚಾತ್ತಾಪದಿಂದ ಅಳು ಬಂದಿದೆ, ನನಗೆ ಅದು ಭರವಸೆಯ ಲಕ್ಷಣವಾಗಿಯೇ ಕಾಣುತ್ತದೆ.

ಇಂದಿನಿಂದಲೇ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ನಿದ್ದೆ ಎಷ್ಟು ತಾಸು, ಸಿಟ್ಟು ಯಾವಾಗ. ಅದನ್ನು ಹಿಡಿದು ಚೀಟಿಯಲ್ಲಿರುವ ನಂಬರಿಗೆ ನಾಳೆಯೇ ಫೋನ್ ಮಾಡಿ. ಲೋಟ ಎಸೆದದ್ದನ್ನು ಮುಚ್ಚಿಡಬೇಡಿ. ದೇವಿಮನೆ ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವ ಮೊದಲು ಸಕ್ಕರೆ, ಸೋಡಿಯಂ ಪರೀಕ್ಷೆ ಶಿರಸಿಯಲ್ಲೇ ಮಾಡಿಸಿ ಕಳಿಸಬಹುದೇ ಎಂದೂ ಕೇಳಿ. ಸೋಡಿಯಂ ಇಳಿದರೂ ಮನುಷ್ಯ ಗೊಂದಲಗೊಳ್ಳುತ್ತಾನೆ.

ಆದರೆ ಸಿಟ್ಟಿನ ಜೊತೆ ಮಂಪರು, ಹೆಚ್ಚುತ್ತಲೇ ಹೋಗುವ ತಲೆನೋವು, ವಾಂತಿ, ಮಾತು ತೊದಲುವುದು, ಒಂದು ಕೈಕಾಲಿನಲ್ಲಿ ಬಲ ಇಲ್ಲದಿರುವುದು, 100.4 ಡಿಗ್ರಿ ದಾಟಿದ ಜ್ವರ, ಗಾಯದಿಂದ ಕೀವು, ಅಲ್ಲಿಂದಲೋ ಮೂಗಿನಿಂದಲೋ ನೀರಿನಂಥ ಸ್ರಾವ, ಏದುಸಿರು: ಇವುಗಳಲ್ಲಿ ಒಂದು ಕಂಡರೂ ಫೋನಿಗೆ ಕಾಯದೆ ಹೊರಡಿ.

ತಲೆಗೆ ಎಣ್ಣೆ ಈಗ ಬೇಡ. ಹೊಲಿಗೆ ಬಿಚ್ಚಿ, ಹಕ್ಕಳೆ ತಾನೇ ಉದುರಿ, ಸರ್ಜನ್ ಆಗಬಹುದು ಎನ್ನುವವರೆಗೂ ಬೇಡ. ತಿಕ್ಕಿದರೆ ಗಾಯದ ಅಂಚು ಬಿಡುತ್ತದೆ. ಸೋಂಕು ಒಳಗಿಳಿದು ಮೂಳೆಗೆ ಮುಟ್ಟಿದರೆ ಮತ್ತೆ ಆಪರೇಶನ್. ಅತ್ತೆಯವರ ಪ್ರೀತಿಗೂ ದಾರಿ ಬೇಕಲ್ಲ, ಅಂಗಾಲಿಗೆ ಎಣ್ಣೆ ಹಚ್ಚಲಿ. ಮೀನಖಂಡ ಮಾತ್ರ ನೀವುವುದು ಬೇಡ. ಅಲ್ಲಿ ಬಾವು, ನೋವು ಇದ್ದರೆ ರಕ್ತ ಹೆಪ್ಪುಗಟ್ಟಿರಬಹುದು.

ಸೋಮವಾರದ ಮಾತು. ಔಷಧಿ ಒಂದು ಹದಕ್ಕೆ ಬರುವವರೆಗೆ ಎರಡು ವಾರ ರಜೆ ಮುಂದುವರಿಸಿ. ಸಂಬಳ ಕಡಿತವಾದರೂ ಮುಂದುವರಿಸಿ. ಆಗುವುದೇ ಇಲ್ಲವೆಂದರೆ ಗಟ್ಟಿಯಾಳು ಇನ್ನೊಬ್ಬರು ಮನೆಯಲ್ಲಿರಬೇಕು. ಅವರಿಗೂ ಅತ್ತೆಗೂ ಫಿಟ್ಸ್ ಬಂದರೆ ಏನು ಮಾಡಬೇಕೆಂದು ಮಾಡಿಯೇ ತೋರಿಸಿ: ಗಡಿಯಾರ ನೋಡುವುದು, ಸುತ್ತಲಿನ ವಸ್ತು ಸರಿಸುವುದು, ಸೆಳೆತ ಇಳಿಯುತ್ತಿದ್ದಂತೆ ಮಗ್ಗುಲಾಗಿ ಮಲಗಿಸುವುದು. ಕೈಗೆ ಕಬ್ಬಿಣ, ಕೀಲಿ ಕೊಡುವುದು ಬೇಡ, ಬಾಯಿಗೆ ಚಮಚ, ನೀರು ಹಾಕುವುದಂತೂ ಬೇಡವೇ ಬೇಡ. 5 ನಿಮಿಷ ದಾಟಿದರೆ 108. ಅಂಗಳದ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ, ಪಕ್ಕದ ಮನೆಯ ಯಾರ ವಾಹನ ಹಗಲು ಇರುತ್ತದೆ ಎಂಬುದು ಅತ್ತೆಗೆ ಬಾಯಿಪಾಠವಾಗಿರಲಿ. ನಿಮ್ಮಂಥ ದೂರದ ಮನೆಗೆ, ನಿಲ್ಲದ ಫಿಟ್ಸ್ ನಿಲ್ಲಿಸುವ ಮಿಡಜೋಲಮ್ ಮೂಗಿನ ಸ್ಪ್ರೇ ಬರೆದುಕೊಡುತ್ತೀರಾ ಎಂದು ವೈದ್ಯರನ್ನು ಕೇಳಲು ಮರೆಯಬೇಡಿ.

ಬಚ್ಚಲ ಅಗಳಿ ಹಾಕದಿರಲಿ, ಹಂಡೆಯ ಬಿಸಿನೀರನ್ನು ಬೇರೆಯವರು ತೋಡಿಕೊಡಲಿ. ಬಾವಿಕಟ್ಟೆ, ತೋಟದ ಕೆರೆ, ಮೆಟ್ಟುಗತ್ತಿ, ತುಂಬಿದ ಕೊಡ ಸದ್ಯಕ್ಕೆ ದೂರ.

ಕೀಲಿಯನ್ನು ಅಡಗಿಸಿಟ್ಟು "ಕಳೆದುಹೋಗಿದೆ" ಎನ್ನಬೇಡಿ, ಸುಳ್ಳು ಗೊತ್ತಾದರೆ ಸಿಟ್ಟು ದುಪ್ಪಟ್ಟು. "ಡಾಕ್ಟರ್ ಬೇಡ ಅಂದಿದ್ದಾರೆ, ಮುಂದಿನ ಸಲ ಹೋದಾಗ ನೀವೇ ಕೇಳಿ" ಎನ್ನಿ, ಅವರೇ ಕೇಳಲಿ. ಸಿಟ್ಟು ಏರುತ್ತಿದೆ ಎನಿಸಿದಾಗ ವಾದಕ್ಕಿಳಿಯದೆ ಮಗಳನ್ನು ಕರೆದುಕೊಂಡು ಹೊರಗೆ ಬನ್ನಿ. ಅಪ್ಪ ಲೋಟ ಎಸೆದದ್ದು ಅವಳ ತಪ್ಪಿನಿಂದಲ್ಲ ಎಂದು ಅವಳಿಗೆ ಇವತ್ತೇ ಹೇಳಿ.