ಪುಸ್ತಕದ ಥೀಮಿನ ಕೇಕ್ ಸ್ಪರ್ಧೆ: ತೆರೆದ ಪುಸ್ತಕ ಮಾಡೋದಾ, ಮುಚ್ಚಿದ್ದಾ?

ಪುಸ್ತಕದ ಥೀಮ್ ಇರುವ ಕೇಕ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದೀರಿ. ತೆರೆದಿಟ್ಟ ಪುಸ್ತಕದ ಆಕಾರ ಮಾಡಿ, ಕಥೆಯ ಮೊದಲ ಪುಟವನ್ನೇ ಅದರ ಮೇಲೆ ಬರೆಯುವ ಆಸೆ ನಿಮ್ಮದು. ಕುಸಿಯದಂತೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. ನಾನು ಆರ್ಡರ್ ತಗೊಂಡು ಮನೆಯಲ್ಲೇ ಕೇಕ್ ಮಾಡುವವಳು. ನನ್ನನ್ನು ಕೇಳಿದರೆ, ತೆರೆದ ಪುಸ್ತಕ ಬಿಡಿ, ಮುಚ್ಚಿದ್ದು ಮಾಡಿ.

ಇಡೀ ಪುಟ ಬರೆಯೋದು ಕೈಗೆ ಶಿಕ್ಷೆ. ಫಾಂಡೆಂಟ್ ಅಂದರೆ ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆಯ ಕಣಕ, ಅದರ ಮೇಲೆ ಒಂದು ಅಕ್ಷರ ತಪ್ಪಿದರೆ ಅಳಿಸಲು ಬರುವುದಿಲ್ಲ. ಅಷ್ಟು ಬರೆದರೂ ಯಾರೂ ನಿಂತು ಓದುವುದಿಲ್ಲ. ಸಾಲದ್ದಕ್ಕೆ, ಎರಡು ಪುಟಗಳ ನಡುವಿನ ತಗ್ಗಿನಲ್ಲಿ ಫಾಂಡೆಂಟ್ ಸರಿಯಾಗಿ ಅಂಟದೆ ಅಡಿಯಲ್ಲಿ ಗಾಳಿ ನಿಲ್ಲುತ್ತದೆ. ಮುಚ್ಚಿದ ದಪ್ಪ ಪುಸ್ತಕಕ್ಕೆ ಈ ತಲೆನೋವಿಲ್ಲ. ಅದು ಒಂದು ಆಯತ, ಅಷ್ಟೇ.

ಮೊದಲು ನಿಯಮ ಓದಿ. ತಿನ್ನುವ ಪುಸ್ತಕಗಳ ಹಬ್ಬ ಅಂತ 2000ದಿಂದ ಹಲವು ದೇಶಗಳಲ್ಲಿ ಏಪ್ರಿಲ್ 1ರ ಆಸುಪಾಸಿನಲ್ಲಿ ನಡೆಯುತ್ತದೆ. ಅಲ್ಲಿ ಮಾಡಿದ್ದು ತಿನ್ನುವಂತಿರಬೇಕು, ಪುಸ್ತಕಕ್ಕೆ ಸಂಬಂಧ ಇರಬೇಕು. ನಿಮ್ಮ ಸ್ಪರ್ಧೆಯಲ್ಲೂ ಎಲ್ಲವೂ ತಿನ್ನುವಂತಿರಬೇಕು ಅಂದಿದ್ದರೆ ತಂತಿ, ಟೂತ್‌ಪಿಕ್, ಪ್ಲಾಸ್ಟಿಕ್ ಗೊಂಬೆ ಯಾವುದೂ ನಡೆಯಲ್ಲ. ರುಚಿಗೂ ಅಂಕ ಇದೆಯಾ ಕೇಳಿಕೊಳ್ಳಿ. ಇದ್ದರೆ ಫಾಂಡೆಂಟನ್ನು 3-4 ಮಿಲಿಮೀಟರಿಗಿಂತ ದಪ್ಪ ಲಟ್ಟಿಸಬೇಡಿ.

ಕೇಕಿಗೆ ಬೆಣ್ಣೆ ಜಾಸ್ತಿ ಇರುವ, ಒತ್ತಾದ ಬಗೆಯೇ ಬೇಕು. ಹಗುರ ಸ್ಪಾಂಜ್ ಫಾಂಡೆಂಟಿನ ಭಾರ ತಡೆಯುವುದಿಲ್ಲ. ಹಿಂದಿನ ದಿನವೇ ಬೇಯಿಸಿ, ಸುತ್ತಿ ಫ್ರಿಜ್ಜಿನಲ್ಲಿಡಿ. ತಣ್ಣಗಿರುವಾಗಲೇ ಹಲ್ಲಿನ ಚಾಕುವಿನಿಂದ ಕತ್ತರಿಸಿದರೆ ಪುಡಿ ಉದುರುವುದು ಕಡಿಮೆ. ಮೇಲೆ ಗನಾಶ್, ಅಂದರೆ ಚಾಕೊಲೇಟ್ ಮತ್ತು ಕ್ರೀಮಿನ ಮಿಶ್ರಣ ಬಳಿಯಿರಿ: ಡಾರ್ಕ್ ಚಾಕೊಲೇಟ್ ಆದರೆ ತೂಕದಲ್ಲಿ ಎರಡು ಪಾಲಿಗೆ ಒಂದು ಪಾಲು ಕ್ರೀಮ್, ಬಿಳಿ ಚಾಕೊಲೇಟ್ ಆದರೆ ಮೂರಕ್ಕೆ ಒಂದು. ಸೆಕೆಯಲ್ಲಿ ಬಟರ್‌ಕ್ರೀಮ್ ಜಾರುತ್ತದೆ. ಗನಾಶ್ ಗಟ್ಟಿಯಾಗಿ ನಿಂತು ಅಂಚನ್ನು ಚೂಪಾಗಿ ಹಿಡಿಯುತ್ತದೆ.

ಇನ್ನು ನಿಜವಾದ ಕೆಲಸ. ನೋಡುವವರನ್ನು ನಂಬಿಸುವುದು ರಟ್ಟಲ್ಲ, ಹಾಳೆಗಳ ಅಂಚು. ಕೆಳಗಿನ ರಟ್ಟಾಗುವ ಫಾಂಡೆಂಟ್ ಹಾಳೆಯನ್ನು ಕೇಕ್ ಬೋರ್ಡಿನ ಮೇಲೆ ಹಾಸಿ, ಅದರ ಮೇಲೆ ಕೇಕ್ ಕೂರಿಸಿ. ಮೂರು ಬದಿಗೆ ಕೆನೆಬಣ್ಣದ ಫಾಂಡೆಂಟ್ ಪಟ್ಟಿ ಅಂಟಿಸಿ. ಅದು ಮೆತ್ತಗಿರುವಾಗಲೇ ಸ್ಕೇಲಿನ ಅಂಚನ್ನು ಅಡ್ಡವಾಗಿ ಒತ್ತುತ್ತಾ ಹೋಗಿ. ಗೆರೆಗಳ ನಡುವೆ ಒಂದೇ ಅಂತರ ಇಡಬೇಡಿ. ಎರಡು ಗೆರೆ ತಾಗಿಕೊಂಡಿರಲಿ, ಒಂದು ಕಡೆ ಸ್ವಲ್ಪ ಬಿರುಕು ಬಿಟ್ಟಂತೆ ಆಳವಾಗಲಿ, ಒಂದು ಗೆರೆ ಅರ್ಧಕ್ಕೇ ನಿಲ್ಲಲಿ. ಆಮೇಲೆ ಒಣ ಬ್ರಷ್‌ಗೆ ಚಿಟಿಕೆ ಕೋಕೋ ಪುಡಿ ತಗೊಂಡು ಮೆಲ್ಲಗೆ ಸವರಿ. ಪುಡಿ ಗೆರೆಗಳ ಒಳಗೆ ಕೂತು, ಮೇಲ್ಭಾಗ ತಿಳಿಯಾಗೇ ಉಳಿಯುತ್ತದೆ. ಆಗ ಹಳೇ ಲೈಬ್ರರಿ ಪುಸ್ತಕದ ಹಾಳೆಗಳ ಬಣ್ಣ ತಾನಾಗಿ ಬರುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಬೇಜಾರಾಗದ ಭಾಗ ಇದು.

ಮೇಲಿನ ರಟ್ಟು ಮತ್ತು ಬೆನ್ನು ಒಂದೇ ಹಾಳೆಯಲ್ಲಿ ಬರಲಿ. ಹಾಳೆಗಳಿಗಿಂತ ರಟ್ಟು ಚೂರು ಹೊರಗೆ ಚಾಚಿದ್ದರೆ ಚೆಂದ, ಆದರೆ ಆ ಅಂಚು ಜೋತು ಬೀಳುತ್ತದೆ. ಅದಕ್ಕೇ ರಟ್ಟಿನ ಫಾಂಡೆಂಟಿಗೆ ಕಾಲು ಕಿಲೋಗೆ ಒಂದು ಟೀ ಚಮಚದ ಲೆಕ್ಕದಲ್ಲಿ, ಅದನ್ನು ಗಟ್ಟಿ ಮಾಡುವ ಸಿಎಂಸಿ ಪುಡಿ ಹಾಕಿ ನಾದಿ. ಒಣಗುವ ತನಕ ಅಂಚಿನ ಕೆಳಗೆ ಹತ್ತಿಯೋ ಸ್ಪಾಂಜಿನ ತುಂಡೋ ಇಡಿ, ಆಮೇಲೆ ಮರೆಯದೆ ತೆಗೆಯಿರಿ. ಕಡುಗೆಂಪು, ಕಪ್ಪು ಬೇಕಿದ್ದರೆ ಹಿಂದಿನ ದಿನವೇ ಬಣ್ಣ ಕಲಸಿ. ರಾತ್ರಿ ಕಳೆದರೆ ಬಣ್ಣ ಇನ್ನಷ್ಟು ಕಡುವಾಗುತ್ತದೆ. ಸುಮ್ನೆ ಸುರಿದುಕೊಂಡು ಹೋದರೆ ಕಹಿ.

ಕಥೆ ಗೊತ್ತಾಗಬೇಕಲ್ಲ, ಅದಕ್ಕೆ ರಟ್ಟಿನ ಮೇಲೆ ಒಂದೇ ಒಂದು ವಸ್ತು ಸಾಕು. ಎಲ್ಲ ಪಾತ್ರಗಳನ್ನೂ ಸಾಲಾಗಿ ನಿಲ್ಲಿಸಿದರೆ ಯಾವುದೂ ಕಾಣುವುದಿಲ್ಲ. ನಿರ್ಜನ ದ್ವೀಪದ ಕಥೆಯಾ? ಬಿಸ್ಕತ್ ಪುಡಿಯ ಮರಳು, ಅದರಲ್ಲೊಂದು ಬರಿಗಾಲಿನ ಗುರುತು. ಓದಿದವರಿಗೆ ಥಟ್ಟನೆ ಹೊಳೆಯುತ್ತದೆ, ಓದದವರು ಯಾರ ಕಾಲು ಅಂತ ಕೇಳುತ್ತಾರೆ. ಎರಡೂ ನಿಮಗೆ ಲಾಭವೇ, ಅಲ್ವಾ? ಗೊಂಬೆ ಬೇಕೇ ಬೇಕು ಅನ್ನಿಸಿದರೆ ಕೆಲವು ದಿನ ಮೊದಲೇ ಮಾಡಿ ಹೊರಗೆ ಒಣಗಲು ಬಿಡಿ. ಹೆಸರು ಬರೆಯೋದಾದರೆ ಫಾಂಡೆಂಟ್ ಮೇಲ್ಮೈ ಪೂರ್ತಿ ಒಣಗಿದ ಮೇಲೆ ತಿನ್ನುವ ಇಂಕಿನ ಪೆನ್ನು ಹಿಡಿಯಿರಿ. ಹಸಿ ಇದ್ದರೆ ತುದಿ ಒಳಗೆ ಇಳಿಯುತ್ತದೆ.

ಅಲಂಕಾರ ಮುಗಿದ ಕೇಕನ್ನು ಫ್ರಿಜ್ಜಿಗೆ ಹಾಕಬೇಡಿ. ಹೊರಗೆ ತೆಗೆದ ಕೂಡಲೇ ಬೆವರುತ್ತದೆ, ಬಣ್ಣ ಇಳಿಯುತ್ತದೆ. ತಂಪಾದ, ಬಿಸಿಲು ಬೀಳದ ಕೋಣೆ ಸಾಕು. ಹಾಲು, ಹಣ್ಣಿನ ಫಿಲ್ಲಿಂಗ್ ಇಡದಿದ್ದರೆ ಹೊರಗಿಟ್ಟು ಕೆಡುವ ಚಿಂತೆಯೇ ಇರುವುದಿಲ್ಲ.

ಕಾರಿನಲ್ಲಿ ಒಯ್ಯುವಾಗ ಸೀಟಿನ ಮೇಲೆ ಇಡಬೇಡಿ, ಸೀಟು ಇಳಿಜಾರಾಗಿರುತ್ತದೆ. ಡಿಕ್ಕಿಯ ಸಮತಟ್ಟು ಜಾಗದಲ್ಲಿ ಜಾರದ ಮ್ಯಾಟ್ ಹಾಸಿ ಇಡಿ. ಜೊತೆಗೆ ಒಂದು ಡಬ್ಬಿಯಲ್ಲಿ ಅದೇ ಬಣ್ಣದ ಫಾಂಡೆಂಟ್ ಉಂಡೆ, ಸ್ವಲ್ಪ ಗನಾಶ್, ಬ್ರಷ್, ಕೋಕೋ ಇರಲಿ. ದಾರಿಯಲ್ಲಿ ಮೂಲೆ ಬಿರುಕು ಬಿಟ್ಟರೆ ಅಲ್ಲೇ ತೇಪೆ ಹಾಕಿ, ಮೇಲೆ ಕೋಕೋ ಸವರಿ. ಹಳೇ ಪುಸ್ತಕದ ಮೂಲೆ ಸವೆದಿದ್ದರೆ ಯಾರೂ ಅಂಕ ಕಳೆಯುವುದಿಲ್ಲ.